ಗುರಿ ಹುಟ್ಟುವುದು ಮೇಜಿನ ಮೇಲೆ

ನೂರು ಗಜ ದೂರದಲ್ಲಿ ಒಂದು ಕಾಗದ. ಅದಕ್ಕೆ ಐದು ಗುಂಡು ಹೊಡೆಯಬೇಕು, ತೂತು ಮಾತ್ರ ಒಂದೇ ಆಗಬೇಕು. ಅಮೆರಿಕದ ಬೆಂಚ್‌ರೆಸ್ಟ್ ಶೂಟಿಂಗ್ ಸ್ಪರ್ಧಿಗಳ ಹಂಬಲ ಇಷ್ಟೇ. 1973ರಲ್ಲಿ ಮ್ಯಾಕ್ ಮೆಕ್‌ಮಿಲನ್ ಹೊಡೆದ ಐದು ಗುಂಡುಗಳ ಹರವು, ನಡುವಿನಿಂದ ನಡುವಿಗೆ ಅಳೆದರೆ, ಬರೀ 0.009 ಇಂಚು. ಆ ದಾಖಲೆ ಮುರಿಯಲು 40 ವರ್ಷ ಹಿಡಿಯಿತು.

ಈ ಆಟದಲ್ಲಿ ರೈಫಲನ್ನು ಮೇಜಿನ ಮೇಲೆ ಮರಳು ಚೀಲಕ್ಕೆ ಒರಗಿಸಿರುತ್ತಾರೆ. ಕೈ ನಡುಗಿತೆಂದು ಹೇಳುವಂತಿಲ್ಲ. ಉಳಿಯುವುದು ನಳಿಗೆ, ಗಾಳಿ ಮತ್ತು ತೋಟಾ. ಅಂಗಡಿಯ ತೋಟಾವನ್ನು ಇವರು ನಂಬುವುದಿಲ್ಲ. ತಮ್ಮದನ್ನು ತಾವೇ ತುಂಬಿಕೊಳ್ಳುತ್ತಾರೆ.

ಹಿತ್ತಾಳೆ ಕೋಶ, ಕಿಡಿ ಕೊಡುವ ಪ್ರೈಮರ್, ಮದ್ದು, ಗುಂಡು: ತೋಟಾ ಎಂದರೆ ಈ ನಾಲ್ಕು. ಹೆಚ್ಚು ಕೆಲಸ ಬೇಡುವುದು ಕೋಶ. ಗುಂಡನ್ನು ಕಚ್ಚಿ ಹಿಡಿಯುವ ಅದರ ಕುತ್ತಿಗೆ ಒಂದು ಬದಿಗೆ ಕೂದಲೆಳೆಯಷ್ಟು ದಪ್ಪವಿದ್ದರೂ ಗುಂಡು ಓರೆಯಾಗಿ ಕೂರುತ್ತದೆ, ಓರೆಯಾಗಿಯೇ ನಳಿಗೆ ಹೊಗುತ್ತದೆ. ಅದಕ್ಕೇ ಕೈಯಲ್ಲಿ ತಿರುಗಿಸುವ ಸಣ್ಣ ಉಪಕರಣದಿಂದ ಕುತ್ತಿಗೆಯ ಹೊರಮೈಯನ್ನು ಹೆರೆಯುತ್ತಾರೆ. ಹಿತ್ತಾಳೆಯ ಪುಡಿ ಸಣ್ಣ ಎಳೆಗಳಾಗಿ ಬೆರಳಿಗೆ ಅಂಟುತ್ತದೆ. ಮತ್ತೆ ಮತ್ತೆ ತುಂಬಿ ಹತ್ತಾರು ಸಲ ಹೊಡೆದ ಕೋಶ ಗಡಸಾಗಿ ಹಿಡಿತ ಬದಲಾಗುತ್ತದೆ. ಆಗ ಕುತ್ತಿಗೆಯನ್ನಷ್ಟೇ ಕಾಯಿಸಿ ಮತ್ತೆ ಮೆದುಗೊಳಿಸುತ್ತಾರೆ.

ಗುಂಡು ಎಷ್ಟು ಆಳಕ್ಕೆ ಕೂರಬೇಕು? ನಳಿಗೆಯೊಳಗಿನ ಸುರುಳಿ ಗೀರಿಗೂ ಗುಂಡಿಗೂ ನಡುವಿನ ಅಂತರ ಇಂಚಿನ ಸಾವಿರದ ಕೆಲವೇ ಭಾಗ ಬದಲಾದರೂ ಫಲಿತಾಂಶ ಬೇರೆ. ಪ್ರತಿ ರೈಫಲಿಗೂ ಒಗ್ಗುವ ಅಳತೆ ಬೇರೆಯಾದ್ದರಿಂದ ಹೊಡೆದು ನೋಡಿಯೇ ಕಂಡುಕೊಳ್ಳಬೇಕು.

ಮದ್ದಿನ ತೂಕವೇ ಎಲ್ಲಕ್ಕಿಂತ ಮುಖ್ಯ ಎಂದು ಹೊರಗಿನವರು ಭಾವಿಸುವುದುಂಟು. ನೂರು ಗಜದ ಸ್ಪರ್ಧೆಯಲ್ಲಿ ಹಲವರು ಅದನ್ನು ತೂಗುವುದೂ ಇಲ್ಲ, ಅಳತೆ ಯಂತ್ರದಿಂದ ಸುರಿದುಕೊಳ್ಳುತ್ತಾರೆ. ಸಾವಿರ ಗಜಕ್ಕೆ ಹೋದಾಗ ಲೆಕ್ಕ ಬೇರೆ: ವೇಗದ ಸಣ್ಣ ವ್ಯತ್ಯಾಸವೂ ಗುಂಡನ್ನು ಮೇಲೆ ಕೆಳಗೆ ಎಳೆಯುತ್ತದೆ, ಆಗ ಒಂದೊಂದು ಕಾಳನ್ನೂ ತೂಗುತ್ತಾರೆ. ಬಿಸಿಲೇರಿದರೆ ಮದ್ದಿನ ಒತ್ತಡ ಬದಲಾಗುವುದರಿಂದ ಎಷ್ಟೋ ಸ್ಪರ್ಧಿಗಳು ಮೈದಾನದಲ್ಲೇ ಕೂತು, ಸುತ್ತುಗಳ ನಡುವೆ ತೋಟಾ ತುಂಬುತ್ತಾರೆ.

ವೈದ್ಯ ಲೂ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ 1970ರ ದಶಕದಲ್ಲಿ ರೂಪಿಸಿದ ಗಿಡ್ಡ, ದಪ್ಪನೆಯ 6 ಎಂಎಂ ಪಿಪಿಸಿ ತೋಟಾ ಈ ಕ್ರೀಡೆಯನ್ನು ಆಳಿತು. ಒಬ್ಬ ವೈದ್ಯನ ಹವ್ಯಾಸ ಇಷ್ಟು ದೂರ ಬಂದದ್ದು ನನಗೆ ಇಂದಿಗೂ ಬೆರಗು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯ .22 ಬೋರ್ ತೋಟಾಕ್ಕೆ ಈ ಕುಸುರಿ ನಡೆಯದು. ಏಕೆಂದರೆ ಅದರಲ್ಲಿ ಕಿಡಿಯ ಮದ್ದು ಕೋಶದ ಅಂಚಿನೊಳಗೇ ಇರುತ್ತದೆ. ಅಲ್ಲಿ ಶೂಟರ್‌ಗಳು ರೈಫಲನ್ನು ಬಿಗಿದಿಟ್ಟು, ಕಾರ್ಖಾನೆಯ ಬೇರೆ ಬೇರೆ ಬ್ಯಾಚುಗಳನ್ನು ಪರೀಕ್ಷಿಸಿ, ಒಗ್ಗಿದ್ದನ್ನು ಕೊಳ್ಳುತ್ತಾರೆ. ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಆಸಕ್ತಿಯಿದ್ದವರು ಹತ್ತಿರದ ರೈಫಲ್ ಕ್ಲಬ್ಬಿಗೆ ಹೋಗಿ, ತರಬೇತುದಾರರ ಕೈಕೆಳಗೆ ಏರ್ ರೈಫಲ್‌ನಿಂದ ಕಲಿಕೆ ಶುರುಮಾಡಿ.