ಸ್ಟೀರಾಯ್ಡ್ ಮಾತ್ರೆ ಇಳಿಸುವ ಕ್ರಮ: ಆಮವಾತದ ರೋಗಿಗಳು ತಿಳಿದಿರಬೇಕಾದುದು

ಬೆಳಿಗ್ಗೆ ಎದ್ದಾಗ ಬೆರಳುಗಳನ್ನು ಮಡಚಲಾಗದಷ್ಟು ಬಿಗಿತ, ಎರಡೂ ಕೈಗಳ ಮಣಿಕಟ್ಟು ಹಾಗೂ ಬೆರಳಿನ ಸಂದುಗಳಲ್ಲಿ ಊತ, ಗಂಟೆ ಕಳೆದರೂ ಸಡಿಲವಾಗದ ನೋವು. ಇವು ರುಮಟಾಯ್ಡ್ ಸಂಧಿವಾತದ ಮುಖ್ಯ ಲಕ್ಷಣಗಳು. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆ ತಿರುಗಿಬಿದ್ದು ಉರಿಯೂತವನ್ನುಂಟುಮಾಡುವ ಈ ವ್ಯಾಧಿಯು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಆಯುರ್ವೇದದಲ್ಲಿ ಇದಕ್ಕೆ ಅತಿ ಸಮೀಪವಾದುದು ಆಮವಾತ. ಮಾಧವಕರನು ‘ಮಾಧವನಿದಾನ’ದಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ.

ಈ ರೋಗದಿಂದ ಬಳಲುವ ಸದ್ಭಕ್ತರು ನಮ್ಮಲ್ಲಿಗೆ ಬಂದಾಗ ಸಾಮಾನ್ಯವಾಗಿ ಹೇಳುವ ಮಾತು ಒಂದೇ: “ಸ್ಟೀರಾಯ್ಡ್ ನಿಲ್ಲಿಸಿಬಿಡುತ್ತೇವೆ, ನಿಮ್ಮ ಔಷಧಿ ಕೊಡಿ.” ಬಿಡಬೇಕೆಂಬ ಆಸೆ ಯೋಗ್ಯವಾದುದೇ. ಆದರೆ ಇಂದು ರಾತ್ರಿ ನಿಶ್ಚಯಿಸಿ ನಾಳೆ ಬೆಳಿಗ್ಗೆಯಿಂದ ಬಿಡುವುದು ಪ್ರಾಣಕ್ಕೇ ಸಂಚಕಾರ ತರಬಲ್ಲದು. ಅದೇಕೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಸ್ಟೀರಾಯ್ಡ್ ಬಂದ ಬಗೆ

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಅವರು ತೀವ್ರ ಸಂಧಿವಾತದಿಂದ ನರಳುತ್ತಿದ್ದ ಒಬ್ಬ ಮಹಿಳೆಗೆ ಕಾರ್ಟಿಸೋನ್ ಚುಚ್ಚುಮದ್ದು ನೀಡಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. ಜಗತ್ತು ಬೆರಗಾಯಿತು. 1950ರಲ್ಲಿ ಹೆಂಚ್, ಕೆಂಡಲ್ ಹಾಗೂ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿಯೂ ಸಂದಿತು. ಆದರೆ ಹೆಚ್ಚು ಕಾಲ ಸೇವಿಸಿದವರಲ್ಲಿ ಅದರ ಇನ್ನೊಂದು ಮುಖವೂ ಬೇಗನೆ ಕಾಣಿಸಿಕೊಂಡಿತು. ಮುಖ ಊದುವುದು, ರಕ್ತದ ಸಕ್ಕರೆ ಮತ್ತು ಒತ್ತಡ ಏರುವುದು, ಮೂಳೆ ಸವೆಯುವುದು, ಕಣ್ಣಿಗೆ ಪೊರೆ ಬರುವುದು, ಸೋಂಕುಗಳು ಸುಲಭವಾಗಿ ತಗುಲುವುದು ಇವೆಲ್ಲ ಅದರ ಪರಿಣಾಮಗಳೇ. ಆದುದರಿಂದ ಇಂದು ತಜ್ಞರು ಸ್ಟೀರಾಯ್ಡನ್ನು ಸೇತುವೆಯಂತೆ ಬಳಸುತ್ತಾರೆ. ಮೆಥೊಟ್ರೆಕ್ಸೇಟ್‌ನಂತಹ ಮೂಲ ಔಷಧಿಯು ಫಲ ಕೊಡಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ಕೀಲುಗಳನ್ನು ಕಾಪಾಡುವುದು ಸ್ಟೀರಾಯ್ಡಿನ ಕೆಲಸ.

ಒಮ್ಮೆಲೇ ಏಕೆ ಬಿಡಬಾರದು?

ನಮ್ಮ ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಎಂಬ ಎರಡು ಚಿಕ್ಕ ಗ್ರಂಥಿಗಳಿವೆ. ಅವು ಪ್ರತಿದಿನ ಕಾರ್ಟಿಸಾಲ್ ಎಂಬ ಸ್ರಾವವನ್ನು ಉತ್ಪಾದಿಸುತ್ತವೆ. ಮಾತ್ರೆಯ ಲೆಕ್ಕದಲ್ಲಿ ಹೇಳುವುದಾದರೆ ಅದು ಸುಮಾರು 5 ಮಿ.ಗ್ರಾಂ. ಪ್ರೆಡ್ನಿಸೋಲೋನ್‌ಗೆ ಸಮಾನ. ರಕ್ತದೊತ್ತಡವನ್ನು ಹಿಡಿದಿಡುವುದಕ್ಕೂ ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆಗಳನ್ನು ತಾಳಿಕೊಳ್ಳುವುದಕ್ಕೂ ಇದು ಅವಶ್ಯಕ. ಮೂರು ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ಹೊರಗಿನಿಂದ ಸ್ಟೀರಾಯ್ಡ್ ದೊರೆತರೆ, ‘ಇನ್ನು ಬೇಕಿಲ್ಲ’ ಎಂದು ಮಿದುಳು ಈ ಗ್ರಂಥಿಗಳಿಗೆ ಕೊಡುವ ಆಜ್ಞೆಯನ್ನು ನಿಲ್ಲಿಸಬಹುದು. ಆಗ ಅವು ನಿದ್ರೆಗೆ ಜಾರಿದಂತಾಗುತ್ತವೆ. ಎಚ್ಚರಗೊಳ್ಳಲು ಕೆಲವರಲ್ಲಿ ವಾರಗಳು, ಕೆಲವರಲ್ಲಿ ಅನೇಕ ತಿಂಗಳುಗಳು ಬೇಕಾಗುತ್ತವೆ. ಈ ನಡುವೆ ಮಾತ್ರೆ ತಟ್ಟನೆ ನಿಂತರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಅತಿಯಾದ ನಿಶ್ಶಕ್ತಿ, ವಾಕರಿಕೆ, ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲಿಡುವುದು, ಕಡೆಗೆ ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು.

ಸಂತೆ, ಜಾತ್ರೆಗಳಲ್ಲಿ ‘ನೋವಿನ ಪುಡಿ’ ಎಂದು ಮಾರುವ, ಹೆಸರೂ ವಿಳಾಸವೂ ಇಲ್ಲದ ಪೊಟ್ಟಣಗಳ ವಿಷಯದಲ್ಲಿಯೂ ಈ ಎಚ್ಚರ ಸಲ್ಲಬೇಕು. ಇಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಕಂಡುಬಂದದ್ದುಂಟು. ಎರಡೇ ದಿನದಲ್ಲಿ ಮಾಯೆಯಂತೆ ನೋವು ಹೋಗಿ, ಹಸಿವು ಹೆಚ್ಚಿ, ಮುಖ ದುಂಡಗಾದರೆ ಅದು ಮೂಲಿಕೆಯ ಗುಣವೆಂದು ಭ್ರಮಿಸಬಾರದು. ಅಂತಹ ಪುಡಿಯನ್ನು ತಿಂಗಳುಗಟ್ಟಲೆ ಸೇವಿಸಿದವರು ತಾವಾಗಿ ನಿಲ್ಲಿಸದೆ, ಪೊಟ್ಟಣದೊಂದಿಗೆ ಕೂಡಲೇ ವೈದ್ಯರನ್ನು ಕಾಣಬೇಕು.

ಇಳಿಸುವ ಕ್ರಮ

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ದೇಹಕ್ಕೆ ರೂಢಿಯಾದ ಅಹಿತವನ್ನು ಹಂತಹಂತವಾಗಿ ಬಿಡಬೇಕೆಂಬ ಉಪದೇಶವಿದೆ. ಕಾಲು ಕಾಲು ಭಾಗವಾಗಿ ಬಿಡುವ ಇದನ್ನು ಪಾದಾಂಶಿಕ ಕ್ರಮವೆನ್ನುತ್ತಾರೆ. ಇದು ಸ್ಟೀರಾಯ್ಡ್ ಮಾತ್ರೆಗಾಗಿ ಹೇಳಿದ ಮಾತಲ್ಲವಾದರೂ ತತ್ತ್ವ ಅದೇ. ಅಟ್ಟ ಹತ್ತಿದವನು ಏಣಿಯ ಮೆಟ್ಟಿಲುಗಳಿಂದಲೇ ಇಳಿಯಬೇಕಲ್ಲವೇ?

ಸಾಮಾನ್ಯವಾಗಿ ಹೆಚ್ಚಿನ ಪ್ರಮಾಣದಿಂದ 10 ಮಿ.ಗ್ರಾಂ.ವರೆಗೆ ತುಸು ವೇಗವಾಗಿಯೂ, ಅಲ್ಲಿಂದ ಕೆಳಗೆ ನಿಧಾನವಾಗಿಯೂ ಇಳಿಸಲಾಗುತ್ತದೆ. 5 ಮಿ.ಗ್ರಾಂ.ನಿಂದ ಕೆಳಗೆ ನಾಲ್ಕು ವಾರಕ್ಕೆ 1 ಮಿ.ಗ್ರಾಂ.ನಂತೆ ಇಳಿಸುವ ಪದ್ಧತಿಯೂ ಉಂಟು, ಏಕೆಂದರೆ ಗ್ರಂಥಿಗಳು ತಮ್ಮ ಕಾಲ ಮೇಲೆ ನಿಲ್ಲಬೇಕಾದುದು ಈ ಹಂತದಲ್ಲಿಯೇ. ಯಾರಿಗೆ ಎಷ್ಟು, ಎಂದು ಎಂಬುದನ್ನು ಮಾತ್ರೆ ಬರೆದುಕೊಟ್ಟ ವೈದ್ಯರೇ ನಿರ್ಧರಿಸತಕ್ಕದ್ದು.

ಮಾತ್ರೆ ಬದಲಾದಾಗ ಅದರ ಮೇಲಿನ ಅಂಕೆಯನ್ನು ಕಂಡು ಮೋಸಹೋಗಬಾರದು. 5 ಮಿ.ಗ್ರಾಂ. ಪ್ರೆಡ್ನಿಸೋಲೋನ್, 4 ಮಿ.ಗ್ರಾಂ. ಮೀಥೈಲ್‌ಪ್ರೆಡ್ನಿಸೋಲೋನ್, 6 ಮಿ.ಗ್ರಾಂ. ಡಿಫ್ಲಜಕಾರ್ಟ್, 0.75 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಇವೆಲ್ಲ ಬಲದಲ್ಲಿ ಹೆಚ್ಚುಕಡಿಮೆ ಒಂದೇ.

ಇಳಿಸುವಾಗ ನೋವು ಮರಳಿದರೆ

ಎರಡು ಬಗೆಯ ನೋವುಗಳನ್ನು ಬೇರ್ಪಡಿಸಿ ನೋಡಬೇಕು. ಕೀಲು ಊದಿ, ಮುಟ್ಟಿದರೆ ಬಿಸಿಯಾಗಿ, ಬೆಳಗಿನ ಬಿಗಿತ ಗಂಟೆಗಟ್ಟಲೆ ಉಳಿದರೆ ರೋಗವು ಮರುಕಳಿಸುತ್ತಿದೆ ಎಂದು ಶಂಕಿಸಬೇಕು. ಊತವಿಲ್ಲದೆ ಮೈಯೆಲ್ಲ ನೋವು, ಆಯಾಸ, ಹಸಿವಿಲ್ಲದಿರುವುದು, ತಲೆಸುತ್ತು ಇದ್ದರೆ ಪ್ರಮಾಣ ಇಳಿದುದಕ್ಕೆ ದೇಹ ಇನ್ನೂ ಹೊಂದಿಕೊಂಡಿಲ್ಲವೆಂದು ಊಹಿಸಬಹುದು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಆದುದರಿಂದ ಒಂದು ಪುಸ್ತಕದಲ್ಲಿ ದಿನಾಂಕ, ಮಾತ್ರೆಯ ಪ್ರಮಾಣ, ಬಿಗಿತ ಉಳಿದ ಸಮಯ ಹಾಗೂ ಊದಿದ ಕೀಲುಗಳನ್ನು ಬರೆದಿಟ್ಟರೆ ವೈದ್ಯರಿಗೆ ಬಹಳ ಉಪಕಾರವಾಗುತ್ತದೆ.

ಉಪಶಮನದ ಭರವಸೆ ಎಷ್ಟು?

ಉಪಶಮನವೆಂದರೆ ರೋಗ ಸದ್ದಿಲ್ಲದೆ ಅಡಗಿರುವ ಸ್ಥಿತಿ. ಅದು ಬೇರುಸಹಿತ ಹೋಗಿದೆ ಎಂದು ತಿಳಿಯಲಾಗದು. 2011ರಲ್ಲಿ ಅಮೆರಿಕ ಹಾಗೂ ಯುರೋಪಿನ ಸಂಧಿರೋಗ ತಜ್ಞರ ಸಂಘಗಳು ಇದಕ್ಕೆ ಅಳತೆಗೋಲನ್ನು ಗೊತ್ತುಮಾಡಿದವು. ನೋಯುವ ಕೀಲು ಒಂದಕ್ಕಿಂತ ಹೆಚ್ಚಿರಬಾರದು, ಊದಿದ ಕೀಲೂ ಒಂದಕ್ಕಿಂತ ಹೆಚ್ಚಿರಬಾರದು, ರಕ್ತದಲ್ಲಿ ಸಿ.ಆರ್.ಪಿ. ಎಂಬ ಉರಿಯೂತದ ಸೂಚಕವು ಡೆಸಿಲೀಟರಿಗೆ 1 ಮಿ.ಗ್ರಾಂ. ಮೀರಿರಬಾರದು, ರೋಗಿಯು ತನ್ನ ಸ್ಥಿತಿಗೆ ತಾನೇ ಕೊಡುವ ಅಂಕವೂ ಕೆಳಮಟ್ಟದಲ್ಲಿರಬೇಕು.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಉಲ್ಲೇಖನೀಯ. ಟೊಸಿಲಿಜುಮ್ಯಾಬ್ ಎಂಬ ಪ್ರಬಲ ಔಷಧಿಯಿಂದ ರೋಗ ಹತೋಟಿಯಲ್ಲಿದ್ದ 259 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ 5 ಮಿ.ಗ್ರಾಂ. ಸ್ಟೀರಾಯ್ಡನ್ನು ಮುಂದುವರಿಸಿ, ಉಳಿದವರಿಗೆ ನಾಲ್ಕು ವಾರಕ್ಕೊಮ್ಮೆ 1 ಮಿ.ಗ್ರಾಂ.ನಂತೆ ಇಳಿಸಲಾಯಿತು. 24 ವಾರಗಳ ನಂತರ ಮುಂದುವರಿಸಿದವರಲ್ಲಿ ಶೇಕಡಾ 77, ಇಳಿಸಿದವರಲ್ಲಿ ಶೇಕಡಾ 65 ಮಂದಿ ರೋಗ ಕೆರಳದೆ ನೆಮ್ಮದಿಯಿಂದಿದ್ದರು. ಅಂದರೆ ಕ್ರಮವಾಗಿ ಇಳಿಸಿದ ಮೂವರಲ್ಲಿ ಸುಮಾರು ಇಬ್ಬರಿಗೆ ಅದು ಸಾಧ್ಯವಾಯಿತು. ಸಾಧ್ಯವಾಗದವರು ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ. ಒಂದು ಮೆಟ್ಟಿಲು ಹಿಂದೆ ಹೋಗಿ, ಕೆಲವು ತಿಂಗಳ ನಂತರ ಪುನಃ ಯತ್ನಿಸಬಹುದು. 10 ಮಿ.ಗ್ರಾಂ.ನಿಂದ 5ಕ್ಕೆ ಇಳಿದರೂ ಅದು ಮೂಳೆಗೆ, ಕಣ್ಣಿಗೆ ಲಾಭವೇ.

ಆಯುರ್ವೇದದ ಸ್ಥಾನ

ಆಮವಾತದಲ್ಲಿ ಮಂದವಾದ ಅಗ್ನಿಯನ್ನು ಸರಿಪಡಿಸುವುದೇ ಮೊದಲ ಕೆಲಸ. ಲಘುವಾದ ಬಿಸಿ ಆಹಾರ, ಶುಂಠಿ ಹಾಕಿ ಕುದಿಸಿದ ನೀರು, ಹೊತ್ತಿಗೆ ಸರಿಯಾದ ಊಟ ಹಿತಕರ. ಊದಿದ ಕೀಲಿಗೆ ಎಣ್ಣೆ ತಿಕ್ಕುವುದನ್ನು ಶಾಸ್ತ್ರವು ಸಾಮತೆಯಲ್ಲಿ ನಿಷೇಧಿಸುತ್ತದೆ. ಬಿಸಿ ಮರಳಿನ ಗಂಟಿನಿಂದ ಕೊಡುವ ವಾಲುಕಾಸ್ವೇದವೇ ಅಲ್ಲಿ ಯುಕ್ತ. ಇವು ಮೂಲ ಚಿಕಿತ್ಸೆಗೆ ಒತ್ತಾಸೆಯಾಗಬಲ್ಲವು, ಅದರ ಬದಲಿಗೆ ನಿಲ್ಲಲಾರವು.

ಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ಭಾವಿಸಬಾರದು. ಜ್ಯೇಷ್ಠಮಧುವನ್ನು ಸ್ಟೀರಾಯ್ಡಿನೊಂದಿಗೆ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯಬಹುದು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಉಂಟಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದ್ದಾರೆ. ಯಕೃತ್ತಿಗೆ ತೊಂದರೆ ಕೊಡಬಲ್ಲ ಮೆಥೊಟ್ರೆಕ್ಸೇಟ್ ಸೇವಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಬ್ಬರು ವೈದ್ಯರಿದ್ದರೆ ಇಬ್ಬರಿಗೂ ಎಲ್ಲ ಔಷಧಿಗಳ ವಿಷಯ ತಿಳಿದಿರಲಿ.

ನೆನಪಿನಲ್ಲಿಡಬೇಕಾದ ಅಂಶಗಳು

1. ಸ್ಟೀರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಆಹಾರದ ನಂತರ ತೆಗೆದುಕೊಳ್ಳಿರಿ. ಶಿವರಾತ್ರಿ, ಶ್ರಾವಣ ಸೋಮವಾರದ ಉಪವಾಸವೆಂದು ಬಿಡಕೂಡದು. ವ್ರತಕ್ಕೆ ಮೊದಲು ವೈದ್ಯರನ್ನು ಕೇಳಿರಿ.
2. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಪ್ರತಿದಿನ ನುಂಗಿದರೆ ಪ್ರಾಣಾಪಾಯ. ವಾರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿರಿ.
3. ತೀವ್ರ ಜ್ವರ ಬಂದಾಗ ಪ್ರಮಾಣ ಹೆಚ್ಚಿಸಬೇಕಾಗಬಹುದು. ವೈದ್ಯರನ್ನು ಸಂಪರ್ಕಿಸಿರಿ. ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ.
4. ಶಸ್ತ್ರಚಿಕಿತ್ಸೆಗೆ, ಹಲ್ಲು ಕೀಳಿಸುವುದಕ್ಕೆ ಮುನ್ನ ಸ್ಟೀರಾಯ್ಡ್ ವಿಷಯ ತಿಳಿಸಿರಿ. ಬಿಟ್ಟು ಒಂದು ವರ್ಷದೊಳಗಾದರೂ ಹೇಳಲೇಬೇಕು.
5. ಔಷಧಿಯ ಹೆಸರು, ಪ್ರಮಾಣ ಬರೆದ ಚೀಟಿ ಸದಾ ಜೇಬಿನಲ್ಲಿ ಅಥವಾ ಪರ್ಸಿನಲ್ಲಿರಲಿ.
6. ರಾಗಿ, ಎಳ್ಳು, ಹಾಲು ಆಹಾರದಲ್ಲಿರಲಿ. ಮೂಳೆ, ಕಣ್ಣು, ಸಕ್ಕರೆಯ ತಪಾಸಣೆ ತಪ್ಪಿಸಬೇಡಿರಿ.

ಈ ರೋಗ ಒಂದು ದಿನದಲ್ಲಿ ಬಂದುದಲ್ಲ, ಮಾತ್ರೆಯೂ ಒಂದು ದಿನದಲ್ಲಿ ಬಿಡತಕ್ಕದ್ದಲ್ಲ. ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ “ನನ್ನ ಸ್ಟೀರಾಯ್ಡನ್ನು ಇಳಿಸಲು ಸಾಧ್ಯವೇ, ಎಂದಿನಿಂದ, ಎಷ್ಟೆಷ್ಟು?” ಎಂದು ಸಂಕೋಚವಿಲ್ಲದೆ ಕೇಳಿರಿ. ಉತ್ತರವನ್ನು ಬರೆಸಿಕೊಂಡು ಬನ್ನಿರಿ. ಇಳಿಯುವ ಹಾದಿ ಅಲ್ಲಿಂದಲೇ ಆರಂಭವಾಗುತ್ತದೆ.