ಆಳವಿಲ್ಲದ ಫಾಲ್ಸ್ ಸೀಲಿಂಗ್‌ನಲ್ಲಿ ಎಲ್‌ಇಡಿ ದೀಪ: ಅಳತೆ, ವೆಚ್ಚ ಮತ್ತು ತೆರಿಗೆ

ಮಾಡ್ಯುಲರ್ ಅಡುಗೆಮನೆಗಳ ತಯಾರಿಕೆ ಇಂದು ನಮ್ಮ ಊರುಗಳ ಅನೇಕ ಸಣ್ಣ ಉದ್ದಿಮೆದಾರರ ಪ್ರಮುಖ ವ್ಯವಹಾರವಾಗಿದೆ. ಮೇಲುಕಪಾಟುಗಳ ಮುಂದೆ ಅಥವಾ ಸಜ್ಜೆಯ ಕೆಳಗೆ ಜಿಪ್ಸಮ್ ಇಲ್ಲವೇ ಪ್ಲೈವುಡ್ ಹಲಗೆಯ ಫಾಲ್ಸ್ ಸೀಲಿಂಗ್ ಕಟ್ಟಿ, ಅದರೊಳಗೆ ಎಲ್‌ಇಡಿ ದೀಪ ಹುದುಗಿಸುವುದು ಈ ಕೆಲಸದ ಒಂದು ಭಾಗ. ಒಟ್ಟು ಗುತ್ತಿಗೆಯಲ್ಲಿ ಇದರ ಮೌಲ್ಯ ಅಲ್ಪ. ಆದರೆ ಕೆಲಸ ಒಪ್ಪಿಸಿದ ಆರು ತಿಂಗಳಲ್ಲಿ ದೀಪ ಕೆಟ್ಟರೆ, ಹಲಗೆ ಬಿಚ್ಚಿ, ಮತ್ತೆ ಪುಟ್ಟಿ ಹಾಕಿ, ಬಣ್ಣ ಬಳಿಯುವ ಖರ್ಚು ದೀಪದ ಬೆಲೆಯ ಹಲವು ಪಟ್ಟು ಆಗುತ್ತದೆ. ಆದುದರಿಂದ ದರಪಟ್ಟಿ ಕೊಡುವ ಮುನ್ನವೇ ಕೆಲವು ಅಂಶಗಳನ್ನು ಗಮನಿಸುವುದು ಲಾಭದಾಯಕ.

1. ಆಳದ ಅಳತೆ

ಹಳೆಯ ಮಾದರಿಯ ಡಬ್ಬಿಯಾಕಾರದ ದೀಪಗಳಿಗೆ ಸಾಮಾನ್ಯವಾಗಿ 4 ಅಂಗುಲ ಅಥವಾ ಅದಕ್ಕಿಂತ ಹೆಚ್ಚು ಆಳ ಬೇಕಾಗುತ್ತಿತ್ತು. ತೆಳು ಎಲ್‌ಇಡಿ ಪ್ಯಾನೆಲ್‌ಗಳು ಬಂದ ಮೇಲೆ 2 ರಿಂದ 3 ಅಂಗುಲ ಆಳವಿರುವ ಕಡೆಯೂ ದೀಪ ಹುದುಗಿಸಲು ಸಾಧ್ಯವಾಗಿದೆ. ಆದರೆ ಪೆಟ್ಟಿಗೆಯ ಮೇಲೆ ಮುದ್ರಿಸಿದ ದಪ್ಪವನ್ನಷ್ಟೇ ನಂಬುವುದು ಸರಿಯಲ್ಲ. ದೀಪವನ್ನು ರಂಧ್ರದೊಳಗೆ ಸೇರಿಸುವಾಗ ಎರಡೂ ಬದಿಯ ಸ್ಪ್ರಿಂಗ್ ಕ್ಲಿಪ್‌ಗಳು ಮೇಲಕ್ಕೆ ನೆಟ್ಟಗೆ ನಿಲ್ಲುತ್ತವೆ. ಅವುಗಳಿಗೂ ಜಾಗ ಬೇಕು. ದೀಪದೊಂದಿಗೆ ಬರುವ ಡ್ರೈವರ್ ಅದೇ ರಂಧ್ರದ ಮೂಲಕ ಒಳಹೋಗಬೇಕು ಮತ್ತು ದೀಪದ ಬೆನ್ನಿನ ಮೇಲೆ ಅಲ್ಲ, ಪಕ್ಕದಲ್ಲಿ ಮಲಗಬೇಕು. ಇವೆಲ್ಲದರ ಜೊತೆಗೆ ತಂತಿಯ ಬಾಗುವಿಕೆಗೂ ಅವಕಾಶವಿರಬೇಕು. ರಂಧ್ರ ಕೊರೆಯುವ ಮುನ್ನ ಒಳಗಿನ ಜಿಐ ಚಾನೆಲ್‌ಗಳ ಸ್ಥಾನವನ್ನು ಗುರುತಿಸಿಕೊಳ್ಳದಿದ್ದರೆ ಆಧಾರವನ್ನೇ ಕತ್ತರಿಸಿದಂತಾಗುತ್ತದೆ. ಒಂದು ದೀಪವನ್ನು ಮೊದಲು ತರಿಸಿ, ಉಳಿಕೆ ಹಲಗೆಯ ತುಂಡಿನಲ್ಲಿ ಪ್ರಯೋಗಿಸಿ, ಅನಂತರ ಉಳಿದವನ್ನು ಖರೀದಿಸುವುದು ಉತ್ತಮ ಕ್ರಮ.

2. ಶಾಖದ ಪ್ರಶ್ನೆ

ಎಲ್‌ಇಡಿ ದೀಪ ಬಿಸಿಯಾಗುವುದಿಲ್ಲ ಎಂಬ ನಂಬಿಕೆ ಪೂರ್ಣ ಸತ್ಯವಲ್ಲ. ಬೆಳಕಿನ ಕಿರಣದಲ್ಲಿ ಶಾಖ ಕಡಿಮೆ. ಉತ್ಪನ್ನವಾಗುವ ಶಾಖ ದೀಪದ ಬೆನ್ನಿನ ಲೋಹದ ಮೂಲಕ ಹೊರಹೋಗಬೇಕು. ಆಳವಿಲ್ಲದ, ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿಯಾಡದೆ ಶಾಖ ಸಂಗ್ರಹವಾಗುತ್ತದೆ. ಮೊದಲು ಸೋಲುವುದು ಬಹುತೇಕ ಡ್ರೈವರ್. ಅದರೊಳಗಿನ ಕೆಪಾಸಿಟರ್‌ನ ಆಯುಷ್ಯ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸರಿಸುಮಾರು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಸೂತ್ರ. ಒಲೆಯ ನೇರ ಮೇಲ್ಭಾಗದಲ್ಲಿ ದೀಪವಿಡದಿರುವುದು, ಒಂದು ದೊಡ್ಡ ದೀಪದ ಬದಲು ಕಡಿಮೆ ವ್ಯಾಟ್‌ನ ಎರಡು ದೀಪಗಳನ್ನು ಹಂಚುವುದು, ಡ್ರೈವರನ್ನು ಕೈಗೆಟಕುವ ಕಡೆ ಇರಿಸುವುದು ಇದಕ್ಕೆ ಪರಿಹಾರ. ಅಟ್ಟದ ಸಾಮಾನುಗಳು ಡ್ರೈವರ್ ಮೇಲೆ ಬೀಳದಂತೆಯೂ ನೋಡಿಕೊಳ್ಳಬೇಕು.

3. ದೀಪದ ಸ್ಥಾನ

ಅಡುಗೆ ಕಟ್ಟೆಯ ಅಗಲ ಸಾಮಾನ್ಯವಾಗಿ 2 ಅಡಿ. ಮೇಲುಕಪಾಟಿನ ಆಳ ಸುಮಾರು 1 ಅಡಿ. ದೀಪ ಕೋಣೆಯ ನಡುವಿದ್ದರೆ ಅಡುಗೆ ಮಾಡುವವರ ನೆರಳು ಅವರ ಕೈಕೆಲಸದ ಮೇಲೆಯೇ ಬೀಳುತ್ತದೆ. ಕಪಾಟಿನ ಬಾಗಿಲಿಗೆ ತೀರ ಹತ್ತಿರವಿದ್ದರೆ ಬಾಗಿಲ ಮೇಲೆ ಬೆಳಕಿನ ಕಮಾನುಗಳು ಮೂಡುತ್ತವೆ. ಕಟ್ಟೆಯ ಮುಂದಿನ ಅಂಚಿನ ನೇರಕ್ಕೆ ದೀಪದ ಸಾಲು ಬರುವಂತೆ ಗುರುತು ಹಾಕಿದರೆ ಎರಡೂ ದೋಷ ತಪ್ಪುತ್ತವೆ.

4. ಖರೀದಿ ಮತ್ತು ಸುರಕ್ಷತೆ

ಹುದುಗಿಸುವ ದೀಪಗಳ ಮಾನಕ ಐಎಸ್ 10322, ಭಾಗ 5, ವಿಭಾಗ 2. ಈ ದೀಪಗಳೂ ಎಲ್‌ಇಡಿ ಡ್ರೈವರ್‌ಗಳೂ ಬಿಐಎಸ್‌ನ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ನೋಂದಣಿ ಸಂಖ್ಯೆಯಿಲ್ಲದ ಅಗ್ಗದ ಸರಕನ್ನು ಮಾರುವ ವರ್ತಕರೂ ಕಾನೂನಿನ ತೊಡಕಿಗೆ ಸಿಲುಕುತ್ತಾರೆ. ಜೋಡಣೆಗಳನ್ನು ಟೇಪ್ ಸುತ್ತಿ ಬಿಡದೆ ಕನೆಕ್ಟರ್ ಅಥವಾ ಜಂಕ್ಷನ್ ಪೆಟ್ಟಿಗೆಯಲ್ಲಿ ಮಾಡಿಸಬೇಕು. ಕೆಲಸವನ್ನು ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರಿಗೇ ವಹಿಸಬೇಕು.

5. ವೆಚ್ಚದ ಲೆಕ್ಕ

ಕುರುಕಲು ತಿಂಡಿ ತಯಾರಿಸುವ ಒಂದು ಘಟಕದ ಅಡುಗೆಮನೆಯಲ್ಲಿ 50 ವ್ಯಾಟ್‌ನ 6 ಹ್ಯಾಲೊಜೆನ್ ದೀಪಗಳಿವೆ ಎಂದಿಟ್ಟುಕೊಳ್ಳೋಣ. ಅವುಗಳ ಬದಲು 8 ವ್ಯಾಟ್‌ನ 6 ಎಲ್‌ಇಡಿ ದೀಪ ಹಾಕಿದರೆ ಬಳಕೆ 300 ವ್ಯಾಟ್‌ನಿಂದ 48 ವ್ಯಾಟ್‌ಗೆ ಇಳಿಯುತ್ತದೆ. ದಿನಕ್ಕೆ 10 ಗಂಟೆಯಂತೆ 300 ದಿನ ಉರಿದರೆ ವರ್ಷದ ಉಳಿತಾಯ 756 ಯೂನಿಟ್. ಯೂನಿಟ್‌ಗೆ ರೂ. 8 ಎಂದು ಹಿಡಿದರೆ ರೂ. 6,048. ದೀಪ, ತಂತಿ, ಕೂಲಿ ಸೇರಿ ರೂ. 6,000 ಹಾಗೂ ಅದರ ಮೇಲೆ ಶೇ. 18 ಜಿಎಸ್‌ಟಿ ರೂ. 1,080 ಖರ್ಚಾದರೆ, ತೆರಿಗೆ ಜಮೆ ದೊರೆತಲ್ಲಿ ಹಣ ಸುಮಾರು 12 ತಿಂಗಳಲ್ಲಿ, ದೊರೆಯದಿದ್ದಲ್ಲಿ ಸುಮಾರು 14 ತಿಂಗಳಲ್ಲಿ ಹಿಂದಿರುಗುತ್ತದೆ. ಡ್ರೈವರ್ ಎರಡನೇ ವರ್ಷವೇ ಕೆಟ್ಟರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಶಾಖದ ವಿಷಯಕ್ಕೆ ಒತ್ತು ಕೊಡುವುದು ಈ ಕಾರಣಕ್ಕೇ.

6. ತೆರಿಗೆಯ ಅಂಶಗಳು

ಎಲ್‌ಇಡಿ ದೀಪಗಳ ಜಿಎಸ್‌ಟಿ ದರ 2022ರ ಜುಲೈ 18ರಿಂದ ಶೇ. 12ರಿಂದ ಶೇ. 18ಕ್ಕೆ ಏರಿತು. ದೀಪಕ್ಕೂ ಅಳವಡಿಕೆಗೂ ಒಂದೇ ದರವಿರುವಾಗ ಬಿಲ್ಲನ್ನು ಎರಡಾಗಿ ಒಡೆಯುವುದರಿಂದ ದರದಲ್ಲಿ ಯಾವ ಲಾಭವೂ ಇಲ್ಲ. ಗಮನಿಸಬೇಕಾದದ್ದು ಹೂಡುವಳಿ ತೆರಿಗೆ ಜಮೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ, ಕಟ್ಟಡದ ನವೀಕರಣ ಅಥವಾ ದುರಸ್ತಿಯ ವೆಚ್ಚವನ್ನು ಕಟ್ಟಡದ ಮೌಲ್ಯಕ್ಕೆ ಬಂಡವಾಳವಾಗಿ ಸೇರಿಸಿದಷ್ಟರ ಮಟ್ಟಿಗೆ ಜಮೆ ಸಿಗದು. ಹಳೆಯ ದೀಪಗಳ ಬದಲಾವಣೆಯನ್ನು ದುರಸ್ತಿ ವೆಚ್ಚವೆಂದು ನ್ಯಾಯವಾಗಿ ಲಾಭ–ನಷ್ಟ ಖಾತೆಗೆ ಹಾಕಿದಲ್ಲಿ ಈ ನಿರ್ಬಂಧ ತಟ್ಟುವುದಿಲ್ಲ. ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲುಗಳಿಗಾದರೋ ಜಮೆಯೇ ಇಲ್ಲ; ಅವರು ಪೂರ್ಣ ಮೊತ್ತವನ್ನೇ ವೆಚ್ಚವೆಂದು ಪರಿಗಣಿಸಬೇಕು. ತೆರಿಗೆಯ ಭಾಗವನ್ನೂ ಆಸ್ತಿಯ ಮೌಲ್ಯಕ್ಕೆ ಸೇರಿಸಿ ಸವಕಳಿ ಪಡೆದರೆ ಆ ಭಾಗಕ್ಕೆ ಜಮೆ ಪಡೆಯುವಂತಿಲ್ಲ.

ಕೊನೆಯದಾಗಿ, ದರಪಟ್ಟಿಯಲ್ಲಿ ದೀಪದ ಸಂಖ್ಯೆ ಮತ್ತು ಬೆಲೆಯನ್ನಷ್ಟೇ ಬರೆಯುವ ರೂಢಿಯನ್ನು ಕೈಬಿಡುವುದು ಹಿತ. ಒಳಗಿನ ಆಳ, ದೀಪದ ವ್ಯಾಟ್, ನೋಂದಣಿ ಸಂಖ್ಯೆ, ಖಾತರಿಯ ಅವಧಿ, ಖಾತರಿಯೊಳಗೆ ಹಲಗೆ ಬಿಚ್ಚಿ ಮುಚ್ಚುವ ಖರ್ಚು ಯಾರದು ಎಂಬ ಐದು ಸಂಗತಿಗಳನ್ನು ನಮೂದಿಸಿ ಗ್ರಾಹಕರ ಸಹಿ ಪಡೆದರೆ, ಮುಂದಿನ ವಿವಾದ ಬಹುಪಾಲು ತಪ್ಪುತ್ತದೆ. ಪ್ರತಿ ಗುತ್ತಿಗೆಗೂ ಒಂದೆರಡು ಹೆಚ್ಚುವರಿ ದೀಪ ಹಾಗೂ ಡ್ರೈವರ್ ತೆಗೆದಿರಿಸುವುದು ಸಣ್ಣ ಖರ್ಚು. ಅದೇ ಮಾದರಿ ಮಾರುಕಟ್ಟೆಯಲ್ಲಿ ಮರೆಯಾದ ದಿನ ಅದರ ಬೆಲೆ ತಿಳಿಯುತ್ತದೆ.