ಫೋನು ಇದ್ದರ ಸಾಲದು, ಹತ್ತಬೇಕು

ಹತ್ತಿ ಜಿನ್ನು, ಲಾಡ್ಜು, ಆಫೀಸುಗಳ ಕೆಲವು ಫೋನಿನಾಗ ಹೊರಗಿನ ಲೈನು ಸಿಗಬೇಕಾದರೆ ಮೊದಲು 0 ಇಲ್ಲವೇ 9 ಒತ್ತಬೇಕು. ಗೊತ್ತಿಲ್ಲದವರು ಅವಸರದಾಗ ಬರೇ 112 ಒತ್ತಿದರೆ ಪೊಲೀಸರಿಗೆ ಹತ್ತೂದಿಲ್ಲ.

2013ರಲ್ಲಿ ಅಮೆರಿಕದ ಟೆಕ್ಸಾಸಿನ ಹೋಟೆಲೊಂದರಲ್ಲಿ ಕ್ಯಾರಿ ಹಂಟ್ ಎಂಬಾಕೆಯ ಕೊಲೆ ಆಯಿತು. 9 ವರ್ಷದ ಮಗಳು ಅಲ್ಲಿನ ತುರ್ತು ನಂಬರು 911ನ್ನು 4 ಸಲ ಒತ್ತಿದಳು. ಹತ್ತಲಿಲ್ಲ, ಮೊದಲು ಇನ್ನೊಂದು 9 ಬೇಕಿತ್ತು. ಅದರಿಂದ 2018ರಲ್ಲಿ ಅಲ್ಲಿ ಕಾಯ್ದೆ ಬಂತು: 2020ರ ಫೆಬ್ರುವರಿ 16ರ ನಂತರ ಕೂಡಿಸುವ ಇಂಥ ಫೋನಿನಲ್ಲಿ 911 ನೇರ ಹತ್ತಲೇಬೇಕು.

ರೋಣ, ನರಗುಂದ, ಗಜೇಂದ್ರಗಡದ ಕಡೆ ಜಿನ್ನಿಗೆ ದುಡಿಯಲು ಹೋಗುವವರು ಮೊದಲ ದಿನವೇ ಕೇಳಿರಿ: "ಇದರಾಗ 112 ನೇರ ಹತ್ತತೈತೇನ್ರಿ?" ಇಲ್ಲಾಂದರೆ ಸರಿಮಾಡಿಸಲು ಮಾಲಕರಿಗೆ ಹೇಳಿರಿ. ಅಲ್ಲೀತನಕ ಮೊದಲು ಒತ್ತುವ ನಂಬರನ್ನು ದಪ್ಪಕ್ಷರದಾಗ ಬರೆದು ಫೋನಿಗೆ ಅಂಟಿಸಿರಿ. ಒಂದು ಚೀಟಿ, ಒಂದು ಜೀವ.